ಹಲ್ಲು ಶುಚಿ ಮಾಡುವ ಸೇವೆ: ಕೊರೊನಾ ಕಾಲದಲ್ಲಿ ಕಂಡದ್ದು, ಈಗಲೂ ಉಳಿದದ್ದು

ಮಧುಮೇಹ ಇರುವವರ ಒಸಡು ಬೇಗ ಕೆಡುತ್ತದೆಂದು ವೈದ್ಯರು ಎಚ್ಚರಿಸಿದ ಮೇಲೆ, ಆರು ತಿಂಗಳಿಗೊಮ್ಮೆ ಸ್ಕೇಲಿಂಗ್ (ಹಲ್ಲಿಗೆ ಗಟ್ಟಿಯಾಗಿ ಅಂಟಿದ ಕೊಳೆ ಕೆರೆದು ತೆಗೆಯುವುದು) ಮಾಡಿಸಿಕೊಳ್ಳಲು ಮೈಸೂರಿನಲ್ಲಿ ನಮ್ಮ ಮನೆಗೆ ಹತ್ತಿರವಿರುವ ಒಂದೇ ಕ್ಲಿನಿಕ್ಕಿಗೆ 2016ರಿಂದ ಹೋಗುತ್ತಿದ್ದೇನೆ. ಅಲ್ಲಿ ಈ ಕೆಲಸವನ್ನು ದಂತವೈದ್ಯರ ಮೇಲ್ವಿಚಾರಣೆಯಲ್ಲಿ ಡೆಂಟಲ್ ಹೈಜೀನಿಸ್ಟ್, ಅಂದರೆ ಹಲ್ಲು ಶುಚಿ ಮಾಡುವುದಕ್ಕೆಂದೇ ತರಬೇತಿ ಪಡೆದ ಒಬ್ಬರು ಮಾಡುತ್ತಾರೆ. 1948ರ ದಂತವೈದ್ಯರ ಕಾಯ್ದೆಯೇ ಹೈಜೀನಿಸ್ಟರಿಗೆ ಪ್ರತ್ಯೇಕ ನೋಂದಣಿ ತಂದಿತ್ತು, ಅದಕ್ಕೆಂದೇ ಎರಡು ವರ್ಷದ ಡಿಪ್ಲೊಮಾ ಕೂಡ ಇದೆ. ಆದರೂ ನಮ್ಮ ಊರುಗಳಲ್ಲಿ ಬಿ.ಡಿ.ಎಸ್. (ದಂತವೈದ್ಯ ಪದವಿ) ಓದಿದವರೇ ಸ್ಕೇಲಿಂಗನ್ನೂ ಮಾಡಿಬಿಡುವುದರಿಂದ ಈ ವೃತ್ತಿಯವರು ಕಾಣಸಿಗುವುದು ಅಪರೂಪ. ಈ ವಿಮರ್ಶೆ ಬಹುಪಾಲು ಆ ಹೆಣ್ಣುಮಗಳ ಕೆಲಸದ ಕುರಿತಾದದ್ದು. ಕ್ಲಿನಿಕ್ಕಿನ ಬಿಲ್ಲಿನ ಬಗ್ಗೆ ನನಗೆ ತಕರಾರಿದೆ, ಅದನ್ನೂ ಹೇಳುತ್ತೇನೆ.

2020ರ ಏಪ್ರಿಲ್‌ನಲ್ಲಿ ಬರಬೇಕಿದ್ದ ನನ್ನ ಸರದಿ ಲಾಕ್‌ಡೌನಿನಿಂದ ತಪ್ಪಿತು. ತುರ್ತು ಚಿಕಿತ್ಸೆಗಳನ್ನಷ್ಟೇ ಮಾಡಿ ಉಳಿದದ್ದನ್ನು ಮುಂದೂಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ನನಗೆ ಮತ್ತೆ ಕರೆ ಬಂದದ್ದು ನವೆಂಬರ್‌ನಲ್ಲಿ. ಇಷ್ಟು ಎಚ್ಚರ ಏಕೆಂಬುದು ಆ ಕುರ್ಚಿಯಲ್ಲಿ ಒಮ್ಮೆ ಮಲಗಿದವರಿಗೆ ತಿಳಿದೀತು. ಸ್ಕೇಲಿಂಗ್ ಯಂತ್ರದ ತುದಿ ಸೆಕೆಂಡಿಗೆ ಸುಮಾರು 25,000 ಸಲ, ಕೆಲವು ಯಂತ್ರಗಳಲ್ಲಿ ಅದಕ್ಕೂ ಹೆಚ್ಚು ಕಂಪಿಸುತ್ತದೆ. ಅದು ಬಿಸಿಯಾಗದಂತೆ ಹರಿಸುವ ನೀರು ಜೊಲ್ಲಿನೊಂದಿಗೆ, ಒಸಡಿನ ರಕ್ತದೊಂದಿಗೆ ಬೆರೆತು ಮಂಜಿನಂತೆ ಮೇಲೇಳುತ್ತದೆ. ಕೆಲಸ ಮಾಡುವವರ ಮುಖ ಅಲ್ಲಿಂದ ಒಂದು ಮೊಳ ದೂರದಲ್ಲೂ ಇರುವುದಿಲ್ಲ.

ನವೆಂಬರಿನ ಆ ದಿನ ನಮ್ಮ ಹೈಜೀನಿಸ್ಟ್ ಯಂತ್ರವನ್ನು ಮುಟ್ಟಲಿಲ್ಲ. ಮೊದಲು ಬೆಟಾಡಿನ್ ಬೆರೆಸಿದ ನೀರನ್ನು ಬಾಯಿ ಮುಕ್ಕಳಿಸಲು ಕೊಟ್ಟರು. ಅದರ ಕಹಿ ಸಂಜೆಯ ಕಾಫಿಯವರೆಗೂ ನಾಲಿಗೆಯಲ್ಲಿತ್ತು. ಆಮೇಲೆ ಕೊಕ್ಕೆಯಂತೆ ಬಾಗಿದ ಕೈ ಉಪಕರಣಗಳನ್ನು ಒಂದೊಂದಾಗಿ ತೆಗೆದುಕೊಂಡು, ಕೆಳಗಿನ ಮುಂಬಲ್ಲುಗಳ ಹಿಂದೆ ಕಲ್ಲಿನಂತೆ ಕೂತಿದ್ದ ಪದರವನ್ನು ಕೆರೆದು ತೆಗೆದರು. ತುದಿ ಮೊಂಡಾದಾಗಲೆಲ್ಲ ಬೇರೆ ಉಪಕರಣ ಎತ್ತಿಕೊಳ್ಳುತ್ತಿದ್ದರು. ಎನ್95 ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕ್, ಅದರ ಮೇಲೆ ಫೇಸ್ ಶೀಲ್ಡ್ ಹಾಕಿದ್ದರಿಂದ ಅವರ ಮಾತು ನನಗೆ ಕೇಳುತ್ತಿರಲಿಲ್ಲ. ಶೀಲ್ಡಿಗೆ ಆವಿ ಕಟ್ಟಿದಾಗ ಅವರಿಗೆ ನನ್ನ ಹಲ್ಲು ಕಾಣುತ್ತಿರಲಿಲ್ಲ. ಹಾಗಾಗಿ ಶುರುವಿಗೆ ಮುನ್ನವೇ ಒಂದು ಒಪ್ಪಂದವಾಯಿತು: "ನೋವಾದರೆ ಎಡಗೈ ಎತ್ತಿ ಸರ್, ನಾನು ಭುಜ ತಟ್ಟಿದರೆ ಮೂಗಿನಲ್ಲೇ ಉಸಿರಾಡಿ." ಮುಂಚೆ ಇಪ್ಪತ್ತೈದು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಎ.ಸಿ. ಆರಿಸಿ, ಕಿಟಕಿ ತೆರೆದು, ಗಾಳಿಯನ್ನು ಹೊರಗೆ ತಳ್ಳುವ ಫ್ಯಾನ್ ಹಾಕಿದ್ದರು. ನಾನೆದ್ದ ಮೇಲೆ ಅರ್ಧ ಗಂಟೆ ಕೋಣೆಯನ್ನು ಖಾಲಿ ಬಿಡುತ್ತಿದ್ದರು. ದಿನಕ್ಕೆ ಹತ್ತು ಹನ್ನೆರಡು ಜನರನ್ನು ನೋಡುತ್ತಿದ್ದವರು ಆಗ ನಾಲ್ಕು ಜನರನ್ನಷ್ಟೇ ನೋಡುತ್ತಿದ್ದರಂತೆ. ಕೆಲಸ ಮುಗಿಸಿ ಮಾಸ್ಕ್ ತೆಗೆದಾಗ ಮೂಗಿನ ಮೇಲೆ ಕೆಂಪು ಗೆರೆ ಎದ್ದಿತ್ತು. ಇನ್ನೂ ಲಸಿಕೆ ಬಂದಿರಲಿಲ್ಲ ಎಂಬುದನ್ನು ನೆನೆದಾಗ ಆ ಗೆರೆ ನನ್ನ ಕಣ್ಣಿಂದ ಮರೆಯಾಗುವುದಿಲ್ಲ.

ಅಮೆರಿಕದ ಸಮೀಕ್ಷೆಯೊಂದಕ್ಕೆ ಉತ್ತರಿಸಿದ 4,700ಕ್ಕೂ ಹೆಚ್ಚು ಹೈಜೀನಿಸ್ಟರಲ್ಲಿ 2020ರ ಅಕ್ಟೋಬರ್ ಹೊತ್ತಿಗೆ ಸೋಂಕು ತಗುಲಿದ್ದವರು ಶೇ 3.1 ಮಾತ್ರ ಎಂದು ಮರುವರ್ಷ ಪ್ರಕಟವಾಯಿತು. ಉತ್ತರಿಸುವ ಸ್ಥಿತಿಯಲ್ಲಿಲ್ಲದವರು ಇಂಥ ಲೆಕ್ಕಕ್ಕೆ ಸಿಗುವುದಿಲ್ಲ, ನಿಜ. ಆದರೂ ಅದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ತೆರೆದ ಕಿಟಕಿ.

ಈಗ ತಕರಾರು. ಬಿಲ್ಲಿನಲ್ಲಿ ಸ್ಕೇಲಿಂಗ್ ಶುಲ್ಕದ ಜೊತೆಗೆ "ಪಿಪಿಇ ಕಿಟ್" ಎಂದು 500 ರೂಪಾಯಿ ಸೇರಿಸಿದ್ದರು. ಜ್ವರವಿದೆಯೇ, ಕೆಮ್ಮಿದೆಯೇ ಎಂದು ಫೋನಿನಲ್ಲಿ ಹತ್ತು ಪ್ರಶ್ನೆ ಕೇಳಿದವರು ಈ ವಿಷಯವನ್ನು ಮಾತ್ರ ಹೇಳಿರಲಿಲ್ಲ. ಆ ವರ್ಷ ಅದು ನ್ಯಾಯವೇ ಎಂದುಕೊಂಡು ಕೊಟ್ಟೆ. ಆದರೆ 2022ರ ಕೊನೆಯಲ್ಲಿ, ಗೌನೂ ಇಲ್ಲ, ಶೀಲ್ಡೂ ಇಲ್ಲ ಎಂಬಂಥ ದಿನಗಳಲ್ಲಿ, ಅದೇ ಸಾಲು 200 ರೂಪಾಯಿಗೆ ಇಳಿದು ಬಿಲ್ಲಿನಲ್ಲಿ ಕೂತೇ ಇತ್ತು. ಕೇಳಿದ ಮೇಲೆ ತೆಗೆದರು. ಕೇಳದವರ ಗತಿ ಏನೋ! ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್, ಚಪ್ಪಲಿಯ ಮೇಲೆ ಎರಚುತ್ತಿದ್ದ ದ್ರಾವಣ ಇವೆಲ್ಲ ಅಷ್ಟರಲ್ಲೇ ಮಾಯವಾಗಿದ್ದವು, ಅವುಗಳ ಕೊರತೆ ನನಗೇನೂ ಕಾಣಲಿಲ್ಲ.

ಉಳಿಯಬೇಕಾದದ್ದು ಉಳಿದಿದೆ, ಈ ಕ್ಲಿನಿಕ್ಕಿಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುವುದಕ್ಕೆ ಅದೇ ಕಾರಣ. ಯಂತ್ರ ಮರಳಿ ಬಂದಿದೆ, ಆದರೆ ಮುಂಚಿನಂತೆ ರೋಗಿಯೇ ತುಟಿಯಂಚಿನಲ್ಲಿ ಸಿಕ್ಕಿಸಿಕೊಳ್ಳುವ ಸಣ್ಣ ಕೊಳವೆಯ ಬದಲು, ಅಗಲ ಬಾಯಿಯ, ನೀರನ್ನು ಜೋರಾಗಿ ಹೀರುವ ಸಕ್ಷನ್ ಕೊಳವೆಯನ್ನು ಸಹಾಯಕಿಯೊಬ್ಬರು ಯಂತ್ರದ ತುದಿಯ ಪಕ್ಕದಲ್ಲೇ ಹಿಡಿದಿರುತ್ತಾರೆ; ಕನ್ನಡಕದ ಮೇಲೆ ಹನಿ ಬೀಳುವುದಿಲ್ಲ, ಗಂಟಲಿಗೆ ನೀರಿಳಿದು ಕೆಮ್ಮು ಬರುವುದಿಲ್ಲ. ಒಸಡಿನ ಅಂಚಿನ ಕೆಲಸವನ್ನು ಈಗಲೂ ಕೈಯಿಂದಲೇ ಮುಗಿಸುತ್ತಾರೆ. ಮಾಸ್ಕ್ ತೆಳ್ಳಗಾಗಿ ಮಾತು ಸ್ಪಷ್ಟವಾಗಿ ಕೇಳುವಂತಾಗಿದ್ದರೂ ಎಡಗೈ ಎತ್ತುವ ಒಪ್ಪಂದ ಬದಲಾಗಿಲ್ಲ, ಬಾಯಿ ತೆರೆದು ಮಲಗಿದವನಿಗೆ ಮಾತಾಡಲು ಮುಂಚೆಯೂ ಆಗುತ್ತಿರಲಿಲ್ಲವಲ್ಲ!

ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುವವರು ಪೂರ್ತಿ ಕೈ ಉಪಕರಣದಿಂದಲೇ ಮಾಡಿಕೊಡಿ ಎಂದು ಫೋನಿನಲ್ಲೇ ಕೇಳಿಕೊಳ್ಳಬಹುದು. ಅದಕ್ಕೆ ಬೆಳಗಿನ ಮೊದಲ ಸರದಿಯನ್ನಷ್ಟೇ ಕೊಡುತ್ತಾರೆ, ಎರಡು ವಾರ ಕಾಯಬೇಕಾಗುತ್ತದೆ. ಬಿಲ್ಲಿನಲ್ಲಿ ಏನೇನು ಸೇರಿದೆಯೆಂಬುದನ್ನೂ ಅದೇ ಕರೆಯಲ್ಲಿ ಕೇಳಿಬಿಡಿ.