ನಗೆಯ ಬಗೆ ಅಳೆಯುವ 32 ವಾಕ್ಯಗಳು: ಕಚೇರಿ ತರಬೇತಿಯಲ್ಲಿ ಎಷ್ಟು ಕೆಲಸಕ್ಕೆ ಬರುತ್ತವೆ?

ಹ್ಯೂಮರ್ ಸ್ಟೈಲ್ಸ್ ಕ್ವೆಶ್ಚನೇರ್. ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ. 32 ವಾಕ್ಯ, ಪ್ರತಿಯೊಂದನ್ನೂ ನೀವೆಷ್ಟು ಒಪ್ಪುತ್ತೀರಿ ಎಂಬುದಕ್ಕೆ 1ರಿಂದ 7ರವರೆಗೆ ಅಂಕ.

ನೀವೆಷ್ಟು ನಗಿಸಬಲ್ಲಿರಿ ಎಂಬುದರ ಗೊಡವೆಗೇ ಇದು ಹೋಗುವುದಿಲ್ಲ. ನಗೆಯನ್ನು ಯಾವುದಕ್ಕೆ ಬಳಸುತ್ತೀರಿ ಎಂದು ಕೇಳುತ್ತದೆ. ಜೊತೆಯವರನ್ನು ಹತ್ತಿರ ತರಲೋ, ಕಷ್ಟದಲ್ಲಿ ನಿಮ್ಮ ಮನಸ್ಸು ಕುಗ್ಗದಿರಲೋ, ಇನ್ನೊಬ್ಬರನ್ನು ಚುಚ್ಚಲೋ, ನಾಲ್ಕು ಜನರ ಮೆಚ್ಚುಗೆಗಾಗಿ ನಿಮ್ಮನ್ನೇ ಹಳಿದುಕೊಳ್ಳಲೋ? ಕಚೇರಿಗೆ ಬೇಕಾದ ಪ್ರಶ್ನೆ ಇದೇ. ಹೀಗಾಗಿ ಈ ಹಾಳೆ ಧಾರಾಳವಾಗಿ ಬಳಸಲು ಯೋಗ್ಯ.

ಈ ನಾಲ್ಕು ಬಗೆಗಳಲ್ಲಿ ಒಂದೊಂದಕ್ಕೆ 8 ವಾಕ್ಯ, ಕ್ರಮವೂ ಮೇಲೆ ಹೇಳಿದ್ದೇ. 1, 5, 9 ಹೀಗೆ ನಾಲ್ಕರ ಅಂತರದಲ್ಲಿ ಬರುವವು ಮೊದಲ ಬಗೆಯವು, 2, 6, 10 ಎರಡನೆಯವು. ಎಡವುವುದು ಅಂಕ ಕೂಡುವಾಗ. 1, 7, 9, 15, 16, 17, 22, 23, 25, 29, 31, ಈ ಹನ್ನೊಂದು ವಾಕ್ಯಗಳು ತಿರುಗುಮುರುಗಾದವು, ಅಂದರೆ ಇವುಗಳಿಗೆ ಹೆಚ್ಚು ಅಂಕ ಕೊಟ್ಟಷ್ಟೂ ಆ ಬಗೆಯ ನಗೆ ಕಡಿಮೆ ಎಂದರ್ಥ. ಇವುಗಳ ಅಂಕವನ್ನು 8ರಿಂದ ಕಳೆದು ಆಮೇಲೆ ಕೂಡಬೇಕು. ಮೊದಲ ಬಗೆಯಲ್ಲೇ ಇಂಥವು ಐದಿವೆ. ಕಳೆಯಲು ಮರೆತರೆ 56 ಬರಬೇಕಾದ ಮಹಾ ನಗೆಗಾರರಿಗೆ 26 ಬಂದು ಕೂರುತ್ತದೆ.

ಕನ್ನಡಕ್ಕೆ ತಂದುಕೊಳ್ಳುವವರಿಗೆ ಇನ್ನೂ ಎರಡು ತೊಡಕು. 'ನಗುವುದಿಲ್ಲ' ಎಂದು ಮುಗಿಯುವ ವಾಕ್ಯಕ್ಕೆ 'ಒಪ್ಪುವುದಿಲ್ಲ' ಎನ್ನಬೇಕಾದಾಗ ಜನ ತಬ್ಬಿಬ್ಬಾಗುತ್ತಾರೆ. ಒಪ್ಪಿಗೆಯ ಮಾತು ಬಿಟ್ಟು 1ಕ್ಕೆ 'ಇದು ನಾನಲ್ಲವೇ ಅಲ್ಲ', 7ಕ್ಕೆ 'ಇದು ನಾನೇ' ಎಂದು ಬರೆದರೆ ಸಲೀಸು. ಎರಡನೆಯದು ಪದದ ಆಯ್ಕೆ. ಚುಚ್ಚುನಗೆಯ ವಾಕ್ಯಗಳಲ್ಲಿ 'ಕಾಲೆಳೆಯುತ್ತೇನೆ' ಎಂದು ಹಾಕಿದರೆ ಅದು ನಮ್ಮಲ್ಲಿ ಸಲುಗೆಯ ಮಾತು, ಎಲ್ಲರೂ ಹೌದೆನ್ನುತ್ತಾರೆ. 'ಹಂಗಿಸುತ್ತೇನೆ' ಎಂದರೆ ಒಬ್ಬರೂ ಒಪ್ಪುವುದಿಲ್ಲ. 'ತಪ್ಪನ್ನು ಎತ್ತಿ ತಮಾಷೆ ಮಾಡುತ್ತೇನೆ' ಎಂಬುದು ನಡುವೆ ನಿಲ್ಲುತ್ತದೆ. ಇಷ್ಟು ಬದಲಿಸಿದ ಮೇಲೆ ಮೂಲದ ಸರಾಸರಿಗಳೊಂದಿಗೆ ಹೋಲಿಸಬಾರದು.

ನಾಲ್ಕನೆಯ ಬಗೆಯ, ಅಂದರೆ ತನ್ನನ್ನೇ ಹಳಿದುಕೊಳ್ಳುವ ನಗೆಯ ಅಂಕವನ್ನು ಅಷ್ಟಾಗಿ ನೆಚ್ಚುವಂತಿಲ್ಲ. ಆ ವಾಕ್ಯಗಳಲ್ಲಿ ಹಾಸ್ಯಕ್ಕಿಂತ ಕೀಳರಿಮೆಯೇ ಹೆಚ್ಚು ಅಳೆಯಲ್ಪಡುತ್ತದೆ ಎಂದು ಹಾಸ್ಯದ ಸಂಶೋಧಕರಾದ ಸೋನ್ಯಾ ಹೈಂಟ್ಸ್ ಮತ್ತು ವಿಲಿಬಾಲ್ಡ್ ರುಕ್ ತಕರಾರು ಎತ್ತಿದ್ದಾರೆ, ಅದು ಸರಿಯಾದ ತಕರಾರು. ತನ್ನ ಕೆಟ್ಟ ಕೈಬರಹದ ಬಗ್ಗೆ ತಾನೇ ನಕ್ಕು ಸಭೆಯ ಬಿಗಿ ಸಡಿಲಿಸುವ ಮ್ಯಾನೇಜರನ್ನು ಈ ಗುಂಪಿಗೆ ಸೇರಿಸಬೇಡಿ.

ನೇಮಕಾತಿಗಂತೂ ಇದು ಬೇಡವೇ ಬೇಡ. ಉತ್ತರಿಸುವವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದಿದು. ಹಾಳೆ ಮೇಲಧಿಕಾರಿಯ ಕೈಸೇರುತ್ತದೆ ಎಂದು ಗೊತ್ತಾದರೆ ಚುಚ್ಚುನಗೆಯವರೂ ಸಜ್ಜನರಾಗುತ್ತಾರೆ. ಹೆಸರು ಬರೆಸದೆ, ಹಾಳೆ ಅವರವರ ಬಳಿಯೇ ಉಳಿಯಲಿ.

ಯಾವಾಗ ನಗಿಸಬೇಕು, ಯಾರು ನಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಂಗಡಿ ಮ್ಯಾನೇಜರ್ ಪಾತ್ರದವರು ಅದೇ ಭಾಷಣದಲ್ಲಿ ಅದೇ ಜೋಕು ಹೇಳಿದಾಗ ಗಂಡಸಿನ ಸ್ಥಾನಮಾನ ಏರಿತು, ಹೆಂಗಸಿನದು ಇಳಿಯಿತು. ಈ ಹಾಳೆ ತುಂಬಿಸಿ 'ಇನ್ನಷ್ಟು ಹಾಸ್ಯ ಬಳಸಿ' ಎಂದು ಎಲ್ಲರಿಗೂ ಒಂದೇ ಸಲಹೆ ಕೊಡುವ ತರಬೇತುದಾರರು ಅರ್ಧ ಕೊಠಡಿಯನ್ನು ದಾರಿ ತಪ್ಪಿಸುತ್ತಾರೆ. ಅಂಕ ಕೂಡಿದ ಬಳಿಕ, ಹಿಂದಿನ ವಾರ ಕಚೇರಿಯಲ್ಲಿ ಆಡಿದ ಮೂರು ತಮಾಷೆಗಳನ್ನು ಬರೆಸಿ, ಪ್ರತಿಯೊಂದರ ಪಕ್ಕ ಯಾರ ಎದುರು ಆಡಿದ್ದು, ಯಾರು ನಗಲಿಲ್ಲ ಎಂದು ಗುರುತು ಹಾಕಿಸಿ.