ಹಳೆ ಝೆನ್‌ನ ಮಾಸ್ಟರ್ ಸಿಲಿಂಡರ್: ಕಿಟ್ ಹಾಕಿಸಿಯೂ ನೋಡಿದೆ, ಹೊಸದು ಹಾಕಿಸಿಯೂ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯಲ್ಲಿ ಇಪ್ಪತ್ತು ವರ್ಷ ಓಡಿದ ಕಾರಿನ ಬ್ರೇಕ್ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಸೋರಿದರೆ ರಬ್ಬರ್ ಕಿಟ್‌ಗೆ, ಅಂದರೆ ಒಳಗಿನ ಸೀಲುಗಳ ಸೆಟ್‌ಗೆ, ದುಡ್ಡು ಹಾಕಬೇಡಿ. ಇಡೀ ಸಿಲಿಂಡರ್ ಬದಲಾಯಿಸಿ. ಒಂದೇ ಕಾರಿನಲ್ಲಿ ಎರಡನ್ನೂ ಸಾಕಷ್ಟು ಕಾಲ ಬಳಸಿದ ಮೇಲೆ ಈ ಮಾತು.

ಕಾರು 2002ರ ಮಾರುತಿ ಝೆನ್. ಅಪ್ಪ ಕೊಂಡದ್ದು, ಈಗ ನಾನು ಓಡಿಸುತ್ತೇನೆ. ಮನೆ ಉಡುಪಿ, ಕೆಲಸದ ಓಡಾಟ ಮಂಗಳೂರಿಗೆ. ಹೆದ್ದಾರಿ 66ರಲ್ಲಿ ಮೂಲ್ಕಿವರೆಗೆ ಬ್ರೇಕಿಗೆ ಅಂಥಾ ಕೆಲಸವಿಲ್ಲ. ಮಂಗಳೂರಿನ ನಂತೂರು ಬಂದ ಮೇಲೆ ಇದೆ ನೋಡಿ! ಅಲ್ಲಿ ಟ್ರಾಫಿಕ್‌ನಲ್ಲಿ ನಿಂತಾಗಲೇ ತೊಂದರೆ ಗೊತ್ತಾಗಿದ್ದು. ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಕೆಳಗೆ ಇಳಿಯುತ್ತಿತ್ತು. ಬಿಟ್ಟು ಮತ್ತೆ ಒತ್ತಿದರೆ ಸರಿ. ಕೆಲವು ವಾರ ಕಳೆಯುವಷ್ಟರಲ್ಲಿ ಬಾಟಲಿಯಲ್ಲಿ ಬ್ರೇಕ್ ಆಯಿಲ್ ಕೂಡ ಕಡಿಮೆಯಾಗತೊಡಗಿತು. ನಾಲ್ಕೂ ಚಕ್ರ ಒಣ, ನೆಲದ ಮೇಲೆ ಒಂದು ಹನಿ ಇಲ್ಲ. ಹಾಗಾದರೆ ಆಯಿಲ್ ಹೋದದ್ದೆಲ್ಲಿಗೆ?

ಬೂಸ್ಟರ್ ಒಳಗೆ. ಅಂದರೆ ಸಿಲಿಂಡರಿನ ಬೆನ್ನಿಗೇ ಇರುವ, ಕಾಲಿನ ಒತ್ತಡಕ್ಕೆ ಬಲ ಕೊಡುವ ಡಬ್ಬಿಯೊಳಗೆ. ಸಿಲಿಂಡರಿನೊಳಗೆ ಒಂದರ ಹಿಂದೆ ಒಂದು ಎರಡು ಪಿಸ್ಟನ್, ಅವಕ್ಕೆ ರಬ್ಬರ್ ಕಪ್. ಕಪ್ ಸವೆದು ಆಯಿಲ್ ಒಳಗೊಳಗೇ ಜಾರಿದರೆ ಪೆಡಲ್ ಇಳಿಯುತ್ತದೆ, ಆಯಿಲ್ ಮಾತ್ರ ಕಡಿಮೆಯಾಗುವುದಿಲ್ಲ. ಹಿಂದಿನ ಸೀಲ್ ಹೋದರೆ ಆಯಿಲ್ ಬೂಸ್ಟರಿಗೆ ಇಳಿಯುತ್ತದೆ, ಹೊರಗೆ ಕಾಣುವುದೇ ಇಲ್ಲ. ನನ್ನ ಕಾರಿನಲ್ಲಿ ಎರಡೂ ಹೋಗಿತ್ತು. ನಟ್ ಬಿಚ್ಚಿ ಸಿಲಿಂಡರನ್ನು ಮುಂದಕ್ಕೆ ಎಳೆದಾಗ ಹಿಂಭಾಗ ಪೂರ್ತಿ ಒದ್ದೆ, ಅದರ ಕೆಳಗೆ ಬೂಸ್ಟರಿನ ಕಪ್ಪು ಬಣ್ಣ ಎದ್ದು ಬಂದಿತ್ತು. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ನೀವು ಪರೀಕ್ಷೆ ಮಾಡುವುದಾದರೆ ಮೊದಲು ಅಲ್ಲೇ ನೋಡಿ.

ಮೊದಲ ಗ್ಯಾರೇಜಿನವರು ಒಳಗೆ ಎಮರಿ ಪೇಪರ್ ಉಜ್ಜಿ ಕಿಟ್ ಹಾಕಿ ಕೊಟ್ಟರು. ಖರ್ಚು ಕೆಲವು ನೂರು ರೂಪಾಯಿ ಅಷ್ಟೆ. ಬೇಸಿಗೆ ಪೂರ್ತಿ ಪೆಡಲ್ ಗಟ್ಟಿ ಇತ್ತು. ಮಳೆ ಶುರುವಾಗಿ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಕಿಟ್ ಕಳಪೆ ಇರಲಿಲ್ಲ, ಅದು ಓಡುವ ಸಿಲಿಂಡರಿನ ಒಳಗೋಡೆ ಕೆಟ್ಟಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮಲ್ಲಿ ತೇವಕ್ಕೇನು ಬರ, ಅಲ್ವಾ? ಆ ನೀರು ಒಳಗೋಡೆಯನ್ನು ತಿಂದು ಸಣ್ಣ ಸಣ್ಣ ಗುಂಡಿ ಮಾಡುತ್ತದೆ. ಹೊಸ ರಬ್ಬರ್ ಅದರ ಮೇಲೆ ಉಜ್ಜಿ ಉಜ್ಜಿ ಹರಿಯುತ್ತದೆ. ಬೀಡಿನ (ಎರಕದ ಕಬ್ಬಿಣದ) ಸಿಲಿಂಡರಾದರೆ ಹಗುರಾಗಿ ಹೋನಿಂಗ್ ಮಾಡಿ, ಅಂದರೆ ಒಳಗೋಡೆ ಉಜ್ಜಿ ನಯ ಮಾಡಿ, ನೋಡಬಹುದು. ಅಲ್ಯೂಮಿನಿಯಂ ಆದರೆ ಮೇಲಿನ ಗಟ್ಟಿ ಪದರವೇ ಹೋಗಿಬಿಡುತ್ತದೆ.

ಎರಡನೇ ಸಲ ಉಡುಪಿಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. "ಕಿಟ್ ಹಾಕಿದ್ರೆ ಈಗ ನಿಲ್ತದೆ, ಇನ್ನೊಂದು ಮಳೆಗಾಲ ದಾಟುವುದು ಕಷ್ಟ ಮಾರಾಯ್ರೆ" ಎಂದರು. ಟಿವಿಎಸ್ ಗರ್ಲಿಂಗ್ ಬ್ರ್ಯಾಂಡಿನ ಹೊಸ ಅಸೆಂಬ್ಲಿ, ಅಂದರೆ ಇಡೀ ಸಿಲಿಂಡರ್, ತರಿಸಿದೆವು. ಕಿಟ್‌ಗಿಂತ ಹಲವು ಪಟ್ಟು ದುಬಾರಿ, ನಿಜ.

ಅವರ ಕೆಲಸ ನೋಡುವುದೇ ಖುಷಿ. ಹೊಸ ಸಿಲಿಂಡರನ್ನು ವೈಸ್‌ಗೆ ಕಚ್ಚಿಸಿ, ಆಯಿಲ್ ತುಂಬಿ, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ ಒತ್ತಿದರು. ಆಮೇಲೆಯೇ ಕಾರಿಗೆ ಕೂರಿಸಿದ್ದು. ಬೂಸ್ಟರ್ ಒಳಗೆ ನಿಂತಿದ್ದ ಆಯಿಲನ್ನು ಬಟ್ಟೆಯಲ್ಲಿ ಹೀರಿ ತೆಗೆದರು. ಬ್ಲೀಡಿಂಗ್ ಮಾಡುವಾಗ, ಅಂದರೆ ಪೈಪುಗಳಲ್ಲಿನ ಏರ್ ತೆಗೆಯುವಾಗ, ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರು. ಹಳೆ ಸಿಲಿಂಡರಾದರೆ ಇದು ಬಹಳ ಮುಖ್ಯವಂತೆ. ದಿನನಿತ್ಯ ಪಿಸ್ಟನ್ ಮುಟ್ಟದ ತುದಿಯಲ್ಲಿ ಕಿಲುಬು ಕೂತಿರುತ್ತದೆ, ಪೆಡಲನ್ನು ನೆಲದವರೆಗೆ ತುಳಿದರೆ ಕಪ್ ಅಲ್ಲಿಗೆ ಹೋಗಿ ಹರಿಯುತ್ತದೆ. ಬರೀ ಬ್ಲೀಡಿಂಗ್ ಮಾಡಿಸಿದ ಮರುವಾರವೇ ಸೋರಲು ಶುರುವಾಗುವ ಹಳೆ ಕಾರುಗಳ ಗುಟ್ಟು ಇದೇ ಇರಬೇಕು.

ಈಗ ಮಳೆಗಾಲಗಳು ದಾಟಿವೆ. ಬಾಟಲಿಯಲ್ಲಿ ಆಯಿಲ್ ಇಳಿದಿಲ್ಲ. ಕದ್ರಿ ಇಳಿಜಾರು ಬಿಡಿ, ಆಗುಂಬೆ ಘಾಟಿ ಇಳಿಯುವಾಗಲೂ ಪೆಡಲ್ ಎತ್ತರ ಹಾಗೇ ಇದೆ.

ಕಿರಿಕಿರಿ ಇಲ್ಲವೇ ಇಲ್ಲ ಅಂತಲ್ಲ. ಹಳೆ ಬಾಟಲಿಯನ್ನೇ ಹಾಕಿದ್ದರಿಂದ ಅದರ ಬುಡದ ರಬ್ಬರ್ ಬುಷ್ ಒಸರಿತು, ಆಮೇಲೆ ಅದನ್ನೂ ಬದಲಾಯಿಸಬೇಕಾಯಿತು. ನೀವು ಒಟ್ಟಿಗೇ ಹಾಕಿಸಿಬಿಡಿ. ಹೊಸ ಸಿಲಿಂಡರಿನ ಪೂರ್ತಿ ಒತ್ತಡ ಸಿಕ್ಕ ಮೇಲೆ ಹಿಂದಿನ ಎಡ ಚಕ್ರದ ಹಳೆ ವೀಲ್ ಸಿಲಿಂಡರ್ (ಚಕ್ರದ ಬಳಿ ಬ್ರೇಕನ್ನು ಒತ್ತುವ ಸಣ್ಣ ಸಿಲಿಂಡರ್) ಕೂಡ ಕೈಕೊಟ್ಟಿತು. ಅದರ ಖರ್ಚನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಇನ್ನು ಆಯಿಲ್ ವಿಷಯ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುತ್ತೇನೆ. ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಡಾಟ್ ಎಂಬ ದರ್ಜೆ ಬರೆದಿರುತ್ತದೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಹಾಕಿದರೂ ತೊಂದರೆಯಿಲ್ಲ, ಸಿಲಿಕೋನಿನ ಡಾಟ್ 5 ಮಾತ್ರ ಬೇಡ. ಸಣ್ಣ ಸೀಲ್ ಡಬ್ಬಿಯನ್ನೇ ಕೊಳ್ಳಿ. ಅಂಗಡಿಯವರು ಎಂದೋ ಮುಚ್ಚಳ ತೆರೆದಿಟ್ಟ ಡಬ್ಬಿಯಿಂದ ಸುರಿದು ಕೊಡಲು ಬಂದರೆ, ಅರ್ಧ ರೇಟಿಗೆ ಕೊಟ್ಟರೂ ಬೇಡ ಅನ್ನಿ.