ಸಭೆಯವರ ಮಾತು ಕುರಿತ ಎರಡು ದಿನದ ಶಿಬಿರ: ಕಲಿಸಿದ್ದು, ಬಿಟ್ಟದ್ದು

ಕ್ರೈಸ್ತ ಸಭೆಯವರು, ಅಂದರೆ ಒಂದೇ ಚರ್ಚಿನ ವಿಶ್ವಾಸಿಗಳು, ಒಬ್ಬರನ್ನೊಬ್ಬರು ಮಾತಿನಿಂದ ನೋಯಿಸುವುದನ್ನು ಕುರಿತು ಶಿವಮೊಗ್ಗದ ಹೊರವಲಯದ ಧ್ಯಾನಕೇಂದ್ರವೊಂದರಲ್ಲಿ ಈ ಮಳೆಗಾಲದಲ್ಲಿ ಎರಡು ದಿನದ ಶಿಬಿರ ನಡೆಯಿತು. ಊಟ, ವಸತಿ ಅಚ್ಚುಕಟ್ಟಾಗಿದ್ದವು. ಆದರೆ ತಗಡಿನ ಮಾಡಿನ ಮೇಲೆ ಮಳೆ ಜೋರಾದಾಗ ಹಿಂದೆ ಕುಳಿತವರಿಗೆ ಏನೂ ಕೇಳಿಸುತ್ತಿರಲಿಲ್ಲ.

ಮೊದಲ ದಿನದ ಪಾಠ ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯದು. ದೇವರನ್ನು ಕೊಂಡಾಡುವ ಬಾಯಿಂದಲೇ ಮನುಷ್ಯರನ್ನು ಶಪಿಸುವುದನ್ನು ಅದರ 3ನೆಯ ಅಧ್ಯಾಯ ಖಂಡಿಸುತ್ತದೆ ಎಂಬುದು ಸಂಡೇ ಸ್ಕೂಲಿನಿಂದಲೇ ನಮಗೆ ಗೊತ್ತು. ಉಪದೇಶಕರು ಅಷ್ಟಕ್ಕೇ ನಿಲ್ಲಿಸದೆ, ಮಧ್ಯಾಹ್ನ ಎಲ್ಲರಿಗೂ ಒಂದೊಂದು ಪ್ರಾರ್ಥನಾ ಕೋರಿಕೆಯ ಚೀಟಿ ಕೊಟ್ಟು, ಪ್ರಾರ್ಥನೆಗೆ ಬೇಡದ ಮಾತನ್ನೆಲ್ಲ ಹೊಡೆದುಹಾಕಲು ಹೇಳಿದರು. ಸಹೋದರಿಯೊಬ್ಬರ ಮಗಳು ಗಂಡನ ಮನೆ ಬಿಟ್ಟು ಬಂದಿದ್ದಾಳೆ, ಅಳಿಯ ಕುಡಿಯುತ್ತಾನಂತೆ, ಹುಡುಗಿಯದೂ ತಪ್ಪಿದೆಯಂತೆ, ಭಾರದಿಂದ (ಎಂದರೆ ಮನಸಾರೆ) ಪ್ರಾರ್ಥಿಸಿರಿ ಎಂದು ನನ್ನ ಚೀಟಿಯಲ್ಲಿತ್ತು. ಹೊಡೆಯುತ್ತಾ ಹೋದಂತೆ ಕೊನೆಯ ಎರಡು ಪದಗಳಷ್ಟೇ ಉಳಿದವು. ವಿಶ್ವಾಸಿಗಳ ಮನೆಗಳಲ್ಲಿ ಸೇರುವ ಪ್ರಾರ್ಥನಾ ಕೂಟಗಳಾದ ಮನೆಕೂಟಗಳಲ್ಲಿ ಚಾಡಿ ಪ್ರಾರ್ಥನೆಯ ವೇಷ ಹಾಕಿಕೊಂಡು ಮನೆಯಿಂದ ಮನೆಗೆ ತಿರುಗುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ಚರ್ಚಿನ ಯಾವ ಉಪದೇಶವೂ ನನಗೆ ತೋರಿಸಿರಲಿಲ್ಲ. ಅದೇ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಉಂಗುರ ತೊಟ್ಟ ಸಿರಿವಂತನಿಗೆ ಒಳ್ಳೆಯ ಆಸನವನ್ನೂ ಬಡವನಿಗೆ ಕಾಲ ಬಳಿ ಜಾಗವನ್ನೂ ತೋರಿಸುವ ಪಕ್ಷಪಾತದ ಪ್ರಸ್ತಾಪವಿದೆ; ದೀಕ್ಷಾಸ್ನಾನವಾಗಿ ವರ್ಷಗಳು ಕಳೆದರೂ ಒಬ್ಬರನ್ನು ಹಳೆಯ ಜಾತಿಯಿಂದಲೇ ಗುರುತಿಸುವ ನಮ್ಮ ಚಾಳಿಗೆ ಅದನ್ನು ಜೋಡಿಸಿ ಹೇಳಿದ್ದು ಧೈರ್ಯದ ಕೆಲಸ.

ಎರಡನೆಯ ದಿನ ನಿರಾಸೆಯಾಯಿತು. ತಪ್ಪು ಮಾಡಿದವನ ಬಳಿಗೆ ಮೊದಲು ಒಬ್ಬರೇ ಹೋಗಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕು ಎಂಬ ಕ್ರಮ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆ. ಉಪದೇಶಕರು ಮೊದಲ ಹಂತವನ್ನಷ್ಟೇ ವಿವರಿಸಿದರು. ಯುವತಿಯೊಬ್ಬರು ಎದ್ದು, "ಅಯ್ಯನವರೇ, ತಪ್ಪು ಮಾಡಿದವರು ಸಭೆಯ ಹಿರಿಯರೇ ಆಗಿದ್ದರೆ ನಾನೊಬ್ಬಳೇ ಹೋಗಿ ಹೇಗೆ ಕೇಳಲಿ?" ಎಂದಾಗ, ಕ್ಷಮಿಸಿ ಸುಮ್ಮನಿರಬೇಕೆಂಬ ಉತ್ತರ ಬಂತು. ನೊಂದವರು ಹೇಳಿಕೊಳ್ಳುವುದನ್ನೂ ಚಾಡಿಯ ಲೆಕ್ಕಕ್ಕೆ ಸೇರಿಸುವ ಈ ಉತ್ತರ ಅಪಾಯಕಾರಿ ಎಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಪಾಪದಲ್ಲಿ ಮುಂದುವರಿಯುವ ಹಿರಿಯರನ್ನು ಎಲ್ಲರ ಮುಂದೆ ಗದರಿಸಬೇಕೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ 5ನೆಯ ಅಧ್ಯಾಯವೇ ಹೇಳುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯದಲ್ಲಂತೂ, ತಿಳಿದವರು ಪೊಲೀಸರಿಗೆ ತಿಳಿಸುವುದನ್ನು 2012ರ ಪೋಕ್ಸೊ ಕಾಯ್ದೆ ಕಡ್ಡಾಯಗೊಳಿಸಿದೆ; ಅಲ್ಲಿ ಸಭೆಯೊಳಗಿನ ಸಂಧಾನಕ್ಕೆ ಅವಕಾಶವೇ ಇಲ್ಲ.

ಮನೆಕೂಟ ನಡೆಸುವವರು ಮೊದಲ ದಿನದ ಪಾಠಕ್ಕೆ ತಪ್ಪದೆ ಹೋಗಬೇಕು. ಎರಡನೆಯ ದಿನದ ಒಂದು ಅವಧಿಯನ್ನು ವಕೀಲರೊಬ್ಬರಿಗೂ, ಇನ್ನೊಂದನ್ನು ನೊಂದ ಹೆಣ್ಣುಮಕ್ಕಳ ಅಹವಾಲು ಕೇಳಿ ಅನುಭವವಿರುವ ಮಹಿಳೆಗೂ ಬಿಟ್ಟುಕೊಡುವಂತೆ ಸಂಘಟಕರಿಗೆ ಲಿಖಿತವಾಗಿ ಕೊಟ್ಟಿದ್ದೇನೆ.